ವಾಟರ್ ಪಂಪಿನ ಮೇಲಿಲ್ಲದ ಎರಡು ಅಕ್ಷರ

ನಮ್ಮ ಅಡುಗೆಮನೆಯಲ್ಲಿ ಕಾಲು ಭಾಗ ಕಾರು ಇತ್ತು. ಅಮ್ಮ ಬದನೆಕಾಯಿ ಹೆಚ್ಚುತ್ತಿದ್ದ ಈಳಿಗೆಮಣೆಯ ಅಲಗು, ಹಿಂದಿನ ಚಕ್ರದ ಮೇಲಿನ ಸ್ಪ್ರಿಂಗ್ ಪಟ್ಟಿ ಮುರಿದಾಗ ಕಮ್ಮಾರನ ಕೈಯಲ್ಲಿ ಬಡಿಸಿಕೊಂಡದ್ದು. ಉಪ್ಪಿನಕಾಯಿ ಜಾಡಿಯ ಬಾಯಿಗೆ ಬಟ್ಟೆ ಹಾಕಿ ಬಿಗಿದಿದ್ದ ರಬ್ಬರು, ಹದಿನಾರು ಕಡೆ ತೇಪೆ ಕಂಡು ಸತ್ತ ಟ್ಯೂಬಿನದು. ಪಿಸ್ಟನ್ ಅಪ್ಪನ ಮೇಜಿನ ಮೇಲೆ ಕಾಗದಗಳನ್ನು ಒತ್ತಿಕೊಂಡು ಕೂತಿತ್ತು, ಅದರೊಳಗಿನ ಉಕ್ಕಿನ ಪಿನ್ನು ಅಜ್ಜಿಗೆ ಅಡಿಕೆ ಕುಟ್ಟಲು ಆಗುತ್ತಿತ್ತು. ಇಷ್ಟಕ್ಕೆಲ್ಲ ಕಾರಣ ಅಮ್ಮ ಮಾಡಿದ್ದ ಒಂದು ಕಾನೂನು. ರಿಪೇರಿಗೆ ಹೋದ ಕಾರಿನಿಂದ ಏನೇ ಬಿಚ್ಚಿದರೂ ಅದು ಮನೆಗೆ ವಾಪಸು ಬರಬೇಕು. ಮದುವೆಯಾಗಿ ಬಂದ ಮೇಲೆ ಅಮ್ಮ ಅಪ್ಪನ ಎದುರು ಗಟ್ಟಿಯಾಗಿ ಮಾತಾಡಿದ ಮೊದಲ ವಿಷಯವೇ ಇದು ಎಂದು ಅಜ್ಜಿ ಹೇಳುತ್ತಿದ್ದಳು.

"ನಾವು ದುಡ್ಡು ಕೊಟ್ಟಿದ್ದು ಹೊಸದಕ್ಕೆ ತಾನೆ? ಹಳೇದು ನಮ್ದೇ. ತಗೊಂಡ್ಬನ್ನಿ."

ಅಪ್ಪನದು ಹುಣಸೆಹಣ್ಣು ಮತ್ತು ಬೆಲ್ಲದ ವ್ಯಾಪಾರ. ಚಿತ್ರದುರ್ಗದ ಕಡೆಯಿಂದ ಬಂದು, ರಾಜಾಜಿನಗರದಲ್ಲಿ ಇನ್ನೂ ಸೈಟಿನ ಕಲ್ಲು ನೆಡುತ್ತಿದ್ದಾಗಲೇ ಮನೆ ಕಟ್ಟಿದವರು. ನಮ್ಮ ಹಿತ್ತಲ ಗೋಡೆಯ ಆಚೆ ರಾಗಿಯ ಹೊಲವಿತ್ತು. ಕೆಂಗೇರಿ, ತಾವರೆಕೆರೆ, ಮಾಗಡಿ ಎಂದು ಹಳ್ಳಿ ಹಳ್ಳಿ ಸುತ್ತಿ ಸರಕು ನೋಡಿ ಬರಬೇಕಾಗಿದ್ದರಿಂದ, ದೇಶ ಬಿಟ್ಟು ಹೊರಟಿದ್ದ ಯಾರೋ ತೋಟದ ದೊರೆಯಿಂದ ಈ ಕಾರು ಕೊಂಡರು. ಬೂದು ಬಣ್ಣ, ನಾಲ್ಕು ಬಾಗಿಲು. ಅದರಲ್ಲಿ ಮೂರು ತೆಗೆಯುತ್ತಿದ್ದವು, ಎರಡು ಮುಚ್ಚುತ್ತಿದ್ದವು. ದೊರೆಯ ಕೈಯಲ್ಲಿ ಅದು ಹೇಗಿತ್ತೋ ಕಾಣೆ, ನಮ್ಮಲ್ಲಿಗೆ ಬರುವಷ್ಟರಲ್ಲಿ ಅದಕ್ಕೆ ಬಾರದ ಕಾಯಿಲೆ ಇರಲಿಲ್ಲ. ಚಳಿಗಾಲದಲ್ಲಿ ಬ್ಯಾಟರಿ ಏಳುತ್ತಿರಲಿಲ್ಲ, ಮುಂದೆ ನಿಂತು ಹ್ಯಾಂಡಲ್ ತಿರುವಬೇಕು. ಬೇಸಿಗೆಯಲ್ಲಿ ರೇಡಿಯೇಟರ್ ಕುದಿಯುತ್ತಿತ್ತು, ಹಿಂದಿನ ಸೀಟಿನಲ್ಲಿ ನೀರು ತುಂಬಿದ ಬಿಂದಿಗೆ ಇಟ್ಟುಕೊಂಡೇ ಹೊರಡಬೇಕು. ಮಳೆಗಾಲದಲ್ಲಿ ಬ್ರೇಕು ಹಿಡಿಯುತ್ತಿರಲಿಲ್ಲ. ಮೂರು ಕಾಲದಲ್ಲೂ ಎಣ್ಣೆ ಸೋರುತ್ತಿತ್ತು.

ಊಟಕ್ಕೆ ಕೂತಾಗ ನಮ್ಮ ಮನೆಯಲ್ಲಿ ಬೇರೆ ಮಾತಿರಲಿಲ್ಲ. ಬೇರೆಯವರ ಮನೆಯಲ್ಲಿ ಸೋದರಮಾವನ ಮೂಲವ್ಯಾಧಿಯ ಬಗ್ಗೆ ಮಾತಾಡುವ ಹಾಗೆ ನಾವು ಕ್ಲಚ್ ಪ್ಲೇಟಿನ ಬಗ್ಗೆ ಮಾತಾಡುತ್ತಿದ್ದೆವು. ರೇಡಿಯೇಟರಿಗೆ ಬೆಸುಗೆ ಹಾಕಿಸಿದರೆ ಎರಡು ರೂಪಾಯಿ, ಅದೇನೂ ಜೀವ ಹೋಗುವ ಮಾತಲ್ಲ. ಡೈನಮೋಗೆ ಹೊಸ ತಂತಿ ಸುತ್ತಿಸಬೇಕೆಂದರೆ ಅಮ್ಮ ಅನ್ನದ ಸೌಟನ್ನು ಪಾತ್ರೆಗೆ ಕುಕ್ಕುತ್ತಿದ್ದಳು. ಕ್ಲಚ್ ಎಂದರೆ ಆ ತಿಂಗಳು ತುಪ್ಪ ಇಲ್ಲ. ಇಂಜಿನ್ ಬಿಚ್ಚುವುದು ಎಂಬ ಮಾತನ್ನು ಮಾತ್ರ ಅಪ್ಪ ಊಟ ಮುಗಿದು ಕೈ ತೊಳೆದ ಮೇಲೆಯೇ ಎತ್ತುತ್ತಿದ್ದರು. ಎಲ್ಲರಿಗೂ ಎಲ್ಲವೂ ಗೊತ್ತಿದ್ದ ಮನೆ ನಮ್ಮದು. ಒಮ್ಮೆ ರೇಡಿಯೇಟರ್ ಸೋರುವಾಗ ಮೆಕ್ಯಾನಿಕ್ಕು ಒಂದು ಹಿಡಿ ಅರಿಶಿನದ ಪುಡಿ ಹಾಕಿ, ಮನೆ ಸೇರುವವರೆಗೆ ತಡೆಯುತ್ತೆ ಎಂದಿದ್ದ. ತಡೆಯಿತು ಕೂಡ. ಮುಂದಿನ ಸಲ ಸೋರಿದಾಗ ಅಜ್ಜಿ ಯಾರನ್ನೂ ಕೇಳದೆ ಅರ್ಧ ಸೇರು ರಾಗಿಹಿಟ್ಟು ಸುರಿದಳು. ಅರಿಶಿನಕ್ಕೇ ನಿಲ್ಲುವುದಾದರೆ ರಾಗಿಗೆ ನಿಲ್ಲದೆ ಇರುತ್ತದೆಯೇ ಎಂಬುದು ಅವಳ ಲೆಕ್ಕ. ಟೋಲ್‌ಗೇಟ್ ದಾಟುವಷ್ಟರಲ್ಲಿ ಮುಚ್ಚಳ ಹಾರಿ ಅಂಬಲಿ ಉಕ್ಕಿತು. ಕೊಳವೆಗಳನ್ನೆಲ್ಲ ಬಿಡಿಸಿ ತೊಳೆಯಲು ಎರಡು ದಿನ ಹಿಡಿಯಿತು. ಅಜ್ಜಿ ಸೋಲೊಪ್ಪಲಿಲ್ಲ. ಸೋರುವುದು ನಿಂತಿತೋ ಇಲ್ಲವೋ ಹೇಳಿ ಎಂದಳು.

ಆ ಅಂಬಲಿ ತೊಳೆದವನು ಮುನಿಸ್ವಾಮಿ. ಯುದ್ಧದ ಕಾಲದಲ್ಲಿ ಮಿಲಿಟರಿ ಲಾರಿಗಳ ವರ್ಕ್‌ಷಾಪಿನಲ್ಲಿ ಕೆಲಸ ಕಲಿತವನು, ಮಾಗಡಿ ರಸ್ತೆಯ ಪಕ್ಕದಲ್ಲಿ ಹೊಂಗೆಮರದ ಕೆಳಗೆ ತಗಡು ಹಾಕಿಕೊಂಡು ಶೆಡ್ಡು ಮಾಡಿಕೊಂಡಿದ್ದ. ಕಡಿಮೆ ಮಾತಿನ ಮನುಷ್ಯ. ಕಾರಿನ ಸದ್ದು ಕೇಳುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ, ಕಣ್ಣು ತೆರೆದಾಗ ಕಾಯಿಲೆ ಹೇಳುತ್ತಿದ್ದ. ಅಮ್ಮನ ಕಾನೂನನ್ನು ಅವನು ಚಾಚೂ ತಪ್ಪದೆ ನಡೆಸುತ್ತಿದ್ದ. ಬಿಚ್ಚಿದ ಭಾಗವನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ ತಂದು ಜಗಲಿಯ ಮೇಲೆ ಇಡುತ್ತಿದ್ದ. ಹಾಗಿದ್ದೂ ಅವನ ಮೇಲೆ ಅನುಮಾನ ಹುಟ್ಟಿತು. ಅವನು ಮಾಡಿದ ಯಾವುದರಿಂದಲೂ ಹುಟ್ಟಿದ್ದಲ್ಲ ಅದು, ಒಂದು ಕೊಳಗದಿಂದ ಹುಟ್ಟಿದ್ದು.

ಅಮ್ಮನ ತವರಿನ ಹಿತ್ತಾಳೆ ಕೊಳಗವನ್ನು ಪಕ್ಕದ ಬೀದಿಯವರು ಮದುವೆಗೆಂದು ಎರವಲು ಒಯ್ದಿದ್ದರು. ವಾಪಸು ಬಂದದ್ದು ಬೇರೆ ಕೊಳಗ. ತಳ ತೆಳು, ಅಂಚು ನೆಗ್ಗಿದ್ದು. ಇದೇ ನಿಮ್ಮದು ಎಂದು ಅವರು ವಾದ ಮಾಡಿದರು. ಹೆಸರು ಹಾಕಿಸಿರದ ಕಾರಣ ಅಮ್ಮನ ಮಾತು ನಡೆಯಲಿಲ್ಲ. ಆ ಸಿಟ್ಟಿನಲ್ಲಿ ಅವಳು, ಉಳಿ ಸುತ್ತಿಗೆ ಹಿಡಿದು ಬೀದಿಯಲ್ಲಿ ಕೂಗಿಕೊಂಡು ಬರುವ ಹೆಸರು ಹಾಕುವವನನ್ನು ಕರೆದು, ಮನೆಯಲ್ಲಿದ್ದ ಚಮಚ ಸೌಟುಗಳನ್ನೂ ಬಿಡದೆ ಅಪ್ಪನ ಹೆಸರಿನ ಎರಡಕ್ಷರ ಕೊರೆಸಿದಳು. ಅಪ್ಪ ಚನ್ನಬಸಪ್ಪ, ಹಾಗಾಗಿ ಚ.ಬ. ಪಾತ್ರೆ ಮುಗಿದ ಮೇಲೆ ಅವಳ ಕಣ್ಣು ಅಂಗಳದಲ್ಲಿ ನಿಂತ ಕಾರಿನ ಮೇಲೆ ಬಿತ್ತು.

"ಕಾರಿಗೆ ಯಾರಾದ್ರೂ ಹೆಸರು ಹಾಕಿಸ್ತಾರೇನೇ ಗೌರಾ? ಜನ ನಗ್ತಾರೆ" ಎಂದರು ಅಪ್ಪ.

"ಕೊಳಗ ಹೋದಾಗ್ಲೂ ನಕ್ಕರು. ಅದರೊಳಗೆ ಎಷ್ಟು ಸಾಮಾನಿದೆ, ಯಾವುದು ನಮ್ದು ಯಾವುದು ಯಾರ್ದು ಅಂತ ನಿಮಗೇನ್ರೀ ಗೊತ್ತು?"

ಮಾರನೆಯ ದಿನ ಮನೆಗೆ ನೆಂಟರು ಬಂದಿದ್ದರು. ಅಮ್ಮನಿಗೆ ಒಲೆ ಬಿಟ್ಟು ಏಳಲಾಗಲಿಲ್ಲ. ಹೆಸರು ಹಾಕಿಸುವ ಕೆಲಸ ನನಗೆ ಬಂತು. ನನಗಾಗ ಹತ್ತು ವರ್ಷ. ಕಾರಿನ ಬಾನೆಟ್ ಎತ್ತಿ, ಯಾವ ಯಾವ ಭಾಗ ಎಂದು ಅಪ್ಪನಿಂದ ತಿಳಿದುಕೊಂಡು ಅಮ್ಮ ಬೆರಳು ಮಡಿಸಿ ನನಗೆ ಹೇಳಿಕೊಟ್ಟಳು. ಎಂಟು ಭಾಗ. ಅಕ್ಷರಕ್ಕೆ ಅರ್ಧಾಣೆ, ಅಂದರೆ ಒಟ್ಟು ಎಂಟಾಣೆ ನನ್ನ ಕೈಗೆ ಬಂತು. ಆ ಮನುಷ್ಯ ಗೊಣಗುತ್ತಲೇ ಕೊರೆದ. ಹಿತ್ತಾಳೆಗಾದರೆ ಕೈ ಓಡುತ್ತದೆ, ಈ ಬೀಡುಕಬ್ಬಿಣಕ್ಕೆ ಉಳಿ ಮೊಂಡಾಗುತ್ತದೆ ಎಂಬುದು ಅವನ ತಕರಾರು. ಡೈನಮೋ, ಹಾರ್ನು, ಕಾರ್ಬುರೇಟರು ಎಂದು ಏಳು ಮುಗಿದವು. ಕೊನೆಯದು ವಾಟರ್ ಪಂಪು. ಅದು ಫ್ಯಾನಿನ ರೆಕ್ಕೆಗಳ ಹಿಂದೆ ಅಡಗಿ ಕೂತಿತ್ತು. ಅವನ ಕೈ ಹೋಗಲಿಲ್ಲ. ಬಿಚ್ಚಿಕೊಟ್ಟರೆ ಕೊರೆಯುತ್ತೇನೆ ಎಂದು ಏಳಾಣೆ ಎಣಿಸಿಕೊಂಡು ಎದ್ದು ಹೋದ. ನನ್ನ ಕೈಯಲ್ಲಿ ಒಂದಾಣೆ ಉಳಿಯಿತು. ಬೀದಿಯ ಮೂಲೆಯ ಅಂಗಡಿಯಲ್ಲಿ ಹಲ್ಲಿಗಂಟುವ ಬೆಲ್ಲದ ಮಿಠಾಯಿ, ಕಮ್ಮರಕಟ್ಟು ಸಿಗುತ್ತಿತ್ತು. ಒಂದಾಣೆಗೆ ಲಂಗದ ಮಡಿಲು ತುಂಬುವಷ್ಟು. ಹಿತ್ತಲಲ್ಲಿ ಕೂತು ಹಲ್ಲು ನೋಯುವವರೆಗೆ ತಿಂದು ಒಳಗೆ ಹೋದೆ. ಎಲ್ಲಕ್ಕೂ ಆಯ್ತಾ ಎಂದು ಅಮ್ಮ ಕೇಳಿದಳು. ಎಂಟಕ್ಕೂ ಆಯ್ತು ಎಂದೆ. ನಾನು ಸುಳ್ಳು ಹೇಳುವಾಗ ತಡವರಿಸುವ ಜಾತಿಯವಳಲ್ಲ. ಇದನ್ನು ಹೆಮ್ಮೆಯಿಂದ ಬರೆಯುತ್ತಿಲ್ಲ, ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ.

ನಾಲ್ಕು ತಿಂಗಳಿಗೆ ಸರಿಯಾಗಿ ಆ ವಾಟರ್ ಪಂಪೇ ಕೆಟ್ಟಿತು. ಎಂಟರಲ್ಲಿ ಏಳನ್ನು ಬಿಟ್ಟು ಅದೇ ಯಾಕೆ ಕೆಡಬೇಕಿತ್ತು ಎಂದು ಆಗ ದೇವರ ಮೇಲೆ ಸಿಟ್ಟಾಗಿದ್ದೆ. ಮುಂದೆ ನಾನೇ ಕಾರು ಇಟ್ಟುಕೊಂಡ ಮೇಲೆ ತಿಳಿಯಿತು, ಹಳೆಯ ಕಾರಿನಲ್ಲಿ ಮೊದಲು ಕೈಕೊಡುವ ಸಾಮಾನುಗಳಲ್ಲಿ ಅದೂ ಒಂದು. ಒಳಗಿನ ಬುಶ್ ಸವೆದು ಕಿರಗುಟ್ಟುತ್ತದೆ, ಆಮೇಲೆ ನೀರು ಒಸರುತ್ತದೆ, ನಿರ್ಲಕ್ಷಿಸಿದರೆ ಇಂಜಿನ್ನೇ ಹೋಗುತ್ತದೆ. ಮುನಿಸ್ವಾಮಿ ಹೊಸ ಪಂಪು ಹಾಕಿ, ಸಾಯಂಕಾಲ ಕಾರನ್ನು ಮನೆಗೆ ತಂದು ಬಿಟ್ಟ. ಅವನನ್ನು ವಾಪಸು ಕರೆದುಕೊಂಡು ಹೋಗಲು ಹಿಂದೆಯೇ ಟ್ಯಾಕ್ಸಿ ರಂಗಪ್ಪ ಬಂದಿದ್ದ. ರಂಗಪ್ಪನ ಟ್ಯಾಕ್ಸಿಯೂ ಮುನಿಸ್ವಾಮಿಯ ಕೈಯಲ್ಲೇ ರಿಪೇರಿಯಾಗುತ್ತಿತ್ತು, ಮಾಗಡಿ ರಸ್ತೆಯಲ್ಲಿ ಗಾಡಿ ಇದ್ದವರೆಲ್ಲ ರಂಗಪ್ಪನ ಮಾತು ಕೇಳುತ್ತಿದ್ದರು. ಮುನಿಸ್ವಾಮಿ ಎಂದಿನಂತೆ ಬಟ್ಟೆಯ ಗಂಟನ್ನು ಜಗಲಿಯ ಮೇಲಿಟ್ಟ. ಅಮ್ಮ ಬಿಚ್ಚಿದಳು. ಪಂಪನ್ನು ಹೊರಳಿಸಿ ನೋಡಿದಳು, ಬೆಳಕಿಗೆ ಹಿಡಿದು ನೋಡಿದಳು.

"ಇದು ನಮ್ದಲ್ಲ. ಹೆಸರು ಎಲ್ಲಿ, ಮುನಿಸ್ವಾಮಿ?"

"ಇದ್ರ ಮೇಲೆ ಹೆಸರು ಇರ್ಲಿಲ್ಲಮ್ಮ."

"ಶಾಂತಾ, ಬಾ ಇಲ್ಲಿ. ಇದಕ್ಕೆ ಹಾಕಿಸಿದ್ದೆ ತಾನೆ?"

"ಹೂಂ ಅಮ್ಮ. ನಾನೇ ಪಕ್ಕದಲ್ಲಿ ನಿಂತು ನೋಡಿದೀನಿ. ಚ ಮೊದಲು ಹಾಕಿದ, ಆಮೇಲೆ ಬ."

ಮುನಿಸ್ವಾಮಿ ಏನೋ ಹೇಳಲು ಬಾಯಿ ತೆರೆದ. ನನ್ನನ್ನು ನೋಡಿದ. ಬಾಯಿ ಮುಚ್ಚಿದ.

ಆಮೇಲೆ ಮಾತಾಡಿದ್ದು ಅಮ್ಮ ಒಬ್ಬಳೇ. ನಮ್ಮ ಪಂಪನ್ನು ಸರಿಮಾಡಿ ಯಾರಿಗೋ ಮಾರಿಕೊಂಡು, ಯಾರದೋ ಗುಜರಿ ತಂದು ನಮ್ಮ ಜಗಲಿಗೆ ಹಾಕಿದ್ದೀಯಲ್ಲ, ಅನ್ನ ಹಾಕಿದ ಮನೆಗೆ ಹೀಗೆ ಮಾಡಬಹುದೇ ಎಂದಳು. ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಂತಿದ್ದರು. ರಂಗಪ್ಪ ಟ್ಯಾಕ್ಸಿಗೆ ಒರಗಿ ಎಲ್ಲವನ್ನೂ ಕೇಳಿದ. ಮುನಿಸ್ವಾಮಿ ಕೂಲಿಯನ್ನೂ ತೆಗೆದುಕೊಳ್ಳದೆ ನಡೆದುಕೊಂಡೇ ಹೋದ. ರಂಗಪ್ಪ ಅವನನ್ನು ಟ್ಯಾಕ್ಸಿ ಹತ್ತು ಎಂದು ಕರೆಯಲಿಲ್ಲ. ನಾನು ಆ ರಾತ್ರಿ ಚೆನ್ನಾಗಿ ಊಟ ಮಾಡಿದೆ, ಚೆನ್ನಾಗಿ ನಿದ್ದೆಯನ್ನೂ ಮಾಡಿದೆ. ಮಕ್ಕಳ ಮನಸ್ಸು ಹೂವಿನಂಥದ್ದು ಎಂದು ಭಾಷಣ ಮಾಡುವವರನ್ನು ಕಂಡರೆ ನನಗೆ ಈಗಲೂ ನಗು ಬರುತ್ತದೆ.

ಕಾರು ಪೇಟೆಯ ಕಡೆಯ ಒಂದು ದೊಡ್ಡ ಗ್ಯಾರೇಜಿಗೆ ಹೋಗತೊಡಗಿತು. ಅಲ್ಲಿ ಮಾಲೀಕನಿಗೆ ಮೇಜು ಕುರ್ಚಿ ಇತ್ತು, ಬಿಲ್ಲು ಅಚ್ಚಾಗಿತ್ತು. ಒಂದು ಕಿರಗುಟ್ಟುವ ಸದ್ದಿಗೆ ಹೋದರೆ ಅವರು ನಾಲ್ಕು ಸಾಮಾನು ಬದಲಾಯಿಸುತ್ತಿದ್ದರು, ವಾಪಸು ಬಂದಾಗ ಸದ್ದು ಹಾಗೇ ಇರುತ್ತಿತ್ತು. ಹಳೆಯದನ್ನು ಕೇಳಿದರೆ ಅದೆಲ್ಲ ಕೊಡುವ ಪದ್ಧತಿ ಇಲ್ಲ ಎಂದರಂತೆ. ಅಮ್ಮ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದಳು. ಒಂದು ಸಲ ಕಳ್ಳ ಎಂದವನ ಹತ್ತಿರ ಮತ್ತೆ ಹೋಗುವುದು ಅವಳಿಂದ ಆಗದ ಮಾತು. ನಾನು ಸ್ಕೂಲಿನಿಂದ ಬರುವ ದಾರಿ ಹೊಂಗೆಮರದ ಮುಂದೆಯೇ ಹಾದು ಬರುತ್ತಿತ್ತು. ಮೊದಲ ವಾರ ಶೆಡ್ಡಿನ ಮುಂದೆ ಎರಡು ಲಾರಿ, ಒಂದು ಕಾರು ಕಂಡೆ. ಎರಡನೆಯ ವಾರ ಒಂದೇ ಲಾರಿ. ಆಮೇಲೆ ಬರೀ ನೆಲದ ಮೇಲಿನ ಎಣ್ಣೆಯ ಕಲೆ, ಮತ್ತೆ ಡಬ್ಬದ ಮೇಲೆ ಕೂತು ಸ್ಪ್ಯಾನರುಗಳನ್ನು ಒರೆಸುತ್ತಿದ್ದ ಮುನಿಸ್ವಾಮಿ. ಒರೆಸಿ ಮುಗಿದ ಮೇಲೆ ಮತ್ತೆ ಮೊದಲಿನಿಂದ ಒರೆಸುತ್ತಿದ್ದ. ನನ್ನನ್ನು ಕಂಡರೆ ತಲೆ ಆಡಿಸುತ್ತಿದ್ದ, ಅಷ್ಟೇ. ನಾನು ರಸ್ತೆಯ ಆ ಬದಿಗೆ ದಾಟಿಕೊಂಡು ನಡೆಯಲು ಶುರುಮಾಡಿದೆ.

ಪಂಪಿನ ಗಲಾಟೆಯಾದ ಹದಿನೆಂಟನೆಯ ದಿನ ರಾತ್ರಿ ಊಟಕ್ಕೆ ಕೂತಿದ್ದೆವು. ಮುದ್ದೆ, ಹುರುಳಿಕಾಳಿನ ಸಾರು. ಅಪ್ಪ ಯಾವಾಗಿನಂತೆ ಕಾರಿನ ಮಾತೆತ್ತಿದರು.

"ಮುನಿಸ್ವಾಮಿ ಶೆಡ್ಡು ಖಾಲಿ ಮಾಡ್ತಾನಂತೆ. ಸೇಲಂ ಕಡೆ ಹೋಗ್ತಾನಂತೆ ಹೆಂಡತಿ ಮಕ್ಕಳು ಕಟ್ಕೊಂಡು. ರಂಗಪ್ಪ ಬಿಟ್ಟ ಮೇಲೆ ಒಬ್ಬರೂ ಅವನ ಕಡೆ ಗಾಡಿ ತಿರುಗಿಸಿಲ್ಲ."

"ಮಾಡಿದ್ದುಣ್ಣೋ ಮಹರಾಯ" ಎಂದಳು ಅಜ್ಜಿ.

ಗಾದೆ ಮುಗಿಯುವ ಮುಂಚೆ ನನ್ನ ಬಾಯಿಂದ ಮಾತು ಹೊರಗೆ ಬಂದಿತ್ತು. ಆ ಪಂಪಿಗೆ ಹೆಸರು ಹಾಕಿಸಲಿಲ್ಲ, ಒಂದಾಣೆಗೆ ಕಮ್ಮರಕಟ್ಟು ತಿಂದೆ ಎಂದೆ. ಅಷ್ಟು ಹೇಳಿ, ಏಟು ಯಾವ ಕಡೆಯಿಂದ ಬರುತ್ತದೆ ಎಂದು ತಿಳಿಯದೆ ತಟ್ಟೆ ನೋಡುತ್ತ ಕೂತೆ. ಏಟು ಬರಲಿಲ್ಲ. ಅಮ್ಮ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಅಪ್ಪ ನನ್ನನ್ನಲ್ಲ, ಅಮ್ಮನನ್ನು ನೋಡುತ್ತಿದ್ದರು. ಆಮೇಲೆ ಅಮ್ಮ ಮಾತಾಡಿದಳು, ಅವಳ ಧ್ವನಿ ಅಷ್ಟು ಸಣ್ಣದಾದದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಹತ್ತು ಜನರ ಮುಂದೆ ಅಂದ್ಬಿಟ್ಟೆನಲ್ಲೇ."

ಬೆಳಗಾಗುತ್ತಲೇ ಅಪ್ಪ ಹ್ಯಾಂಡಲ್ ತಿರುವಿದರು. ಸಂತೆಗೂ ಹೋಗದ ನಮ್ಮಮ್ಮ ಸೆರಗು ಹೊದ್ದು ಮುಂದಿನ ಸೀಟಿನಲ್ಲಿ ಕೂತಳು, ನಾನು ಹಿಂದೆ ಬಿಂದಿಗೆಯ ಪಕ್ಕದಲ್ಲಿ. ಮುನಿಸ್ವಾಮಿ ಶೆಡ್ಡಿನಲ್ಲಿ ಸಾಮಾನುಗಳನ್ನು ಮರದ ಪೆಟ್ಟಿಗೆಗೆ ಜೋಡಿಸಿ ಹಗ್ಗ ಬಿಗಿಯುತ್ತಿದ್ದ. ಅಮ್ಮ ಇಳಿದು ಅವನ ಎದುರು ನಿಂತು, ರಸ್ತೆಯ ಆಚೆಗೂ ಕೇಳುವ ಹಾಗೆ ಹೇಳಿದಳು. ತಪ್ಪು ನಮ್ಮದು, ನಮ್ಮ ಹುಡುಗಿ ಸುಳ್ಳು ಹೇಳಿದಳು, ವಿಚಾರಿಸದೆ ನಾನು ಬಾಯಿ ಬಿಟ್ಟೆ, ನೀನು ಪ್ರಾಮಾಣಿಕ. ಕೇಳಲು ಅಲ್ಲಿ ಯಾರೂ ಇರಲಿಲ್ಲ. ಎರಡು ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಮುದುಕಿ ಒಮ್ಮೆ ತಿರುಗಿ ನೋಡಿ ಮುಂದೆ ಹೋದಳು. ಮುನಿಸ್ವಾಮಿ ಹಗ್ಗ ಬಿಟ್ಟು ಎದ್ದು ನಿಂತ.

"ನೀವು ಬಂದ್ರಲ್ಲ, ನಂಗೆ ಅಷ್ಟು ಸಾಕಮ್ಮ. ಆದ್ರೆ ಅವತ್ತು ಕೇಳಿಸ್ಕೊಂಡೋರು ಇವತ್ತು ಇಲ್ಲಿಲ್ಲ."

ಅವನು ದೂರಲಿಲ್ಲ, ಇದ್ದದ್ದನ್ನು ಹೇಳಿದ. ಅಮ್ಮ ಒಂದು ನಿಮಿಷ ಯೋಚಿಸಿದಳು. ಅವಳು ಯೋಚಿಸುವಾಗ ಮೂಗುತಿಯನ್ನು ತಿರುಗಿಸಿಕೊಳ್ಳುತ್ತಿದ್ದಳು. ಆಮೇಲೆ ಅಪ್ಪನ ಕೈಯಿಂದ ಕಾರಿನ ಕೀಲಿಕೈ ತೆಗೆದುಕೊಂಡು ಮುನಿಸ್ವಾಮಿಯ ಪೆಟ್ಟಿಗೆಯ ಮೇಲಿಟ್ಟಳು.

"ಕಾರು ಇಲ್ಲೇ ಇರಲಿ. ರಸ್ತೇಲಿ ಹೋಗೋರೆಲ್ಲ ನೋಡ್ಲಿ, ಚನ್ನಬಸಪ್ಪನೋರ ಕಾರು ಮುನಿಸ್ವಾಮಿ ಹತ್ರಾನೇ ಇದೆ ಅಂತ. ಇವರು ಬಸ್ಸಲ್ಲಿ ಓಡಾಡ್ತಾರೆ. ಇವಳು ಸ್ಕೂಲು ಬಿಟ್ಟ ಮೇಲೆ ಇಲ್ಲಿ ಬಂದು ಕೂತ್ಕೊತಾಳೆ. ಯಾರು ಕೇಳಿದ್ರೂ ಇವಳೇ ಹೇಳಬೇಕು, ಏನು ಮಾಡಿದೆ ಅಂತ. ಎಲ್ಲಾ ಗಾಡಿ ವಾಪಸು ಬರೋವರೆಗೆ."

ಬಸ್ಸಿನ ಮಾತು ಅಪ್ಪನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ ಎಂಬುದು ಅವರ ಮುಖದಲ್ಲಿ ಕಾಣುತ್ತಿತ್ತು. ಆದರೂ ಹೂಂ ಎಂದರು. ಯಾವ ಕಾಯಿಲೆಯೂ ಇಲ್ಲದೆ ನಮ್ಮ ಕಾರು ಗ್ಯಾರೇಜಿನಲ್ಲಿ ನಿಂತದ್ದು ಅದರ ಜನ್ಮದಲ್ಲಿ ಆಗ ಮಾತ್ರ.

ನಾನು ದಿನಾ ಹೋಗಿ ಎಣ್ಣೆ ಡಬ್ಬದ ಮೇಲೆ ಕೂತೆ. ಮೊದಲು ಕೇಳಿದವನು ಲಾರಿಯ ಕ್ಲೀನರು. ಅವನಿಗೆ ನೆಲ ನೋಡುತ್ತ ಪಿಸುಗುಟ್ಟಿದೆ, ಎರಡು ಸಲ ಕೇಳಿಸಿಕೊಂಡ. ಎರಡನೆಯವರು ಸೌದೆ ಡಿಪೋದ ಯಜಮಾನರು. ಅವರು ಛೆ ಎಂದು ನನ್ನ ಕಿವಿ ಹಿಂಡಿದರು. ನಾಲ್ಕನೆಯವರ ಹೊತ್ತಿಗೆ ಮಾತು ಸರಾಗವಾಯಿತು. ಆರನೆಯವರ ಹೊತ್ತಿಗೆ ಒಂದಾಣೆಗೆ ಎಷ್ಟು ಕಮ್ಮರಕಟ್ಟು ಬಂದಿತ್ತು, ಹೇಗೆ ಅಂಟುತ್ತಿತ್ತು ಎಂಬುದನ್ನೂ ಸೇರಿಸಿ ಹೇಳತೊಡಗಿದೆ. ಸತ್ಯವನ್ನೂ ಸುಳ್ಳಿನಷ್ಟೇ ಧೈರ್ಯವಾಗಿ ಹೇಳಬಹುದು ಎಂದು ನನಗೆ ಗೊತ್ತಾಗಿತ್ತು. ಮುಂದೆ ಮೂವತ್ತು ವರ್ಷ ಸ್ಕೂಲಿನ ಹೆಡ್‌ಮಿಸ್ ಆಗಿ ಇನ್‌ಸ್ಪೆಕ್ಟರುಗಳ ಎದುರು, ಪಾಲಕರ ಎದುರು, ಎಲ್ಲರೂ ಇರುವಾಗ ತಪ್ಪು ನನ್ನದೇ ಎಂದು ಹೇಳಲು ನಾನು ಹಿಂದೆ ಮುಂದೆ ನೋಡಿದವಳಲ್ಲ. ಆ ಗಟ್ಟಿತನ ಬಂದದ್ದು ಆ ಡಬ್ಬದ ಮೇಲೆ ಕೂತಾಗಲೇ. ಮುನಿಸ್ವಾಮಿ ಪೆಟ್ಟಿಗೆಯ ಹಗ್ಗ ಬಿಚ್ಚಿರಲಿಲ್ಲ. ಬೇಕಾದ ಸ್ಪ್ಯಾನರನ್ನು ಹಗ್ಗದ ಸಂದಿಯಿಂದಲೇ ಕೈಹಾಕಿ ತೆಗೆಯುತ್ತಿದ್ದ. ನನ್ನ ಕಥೆ ಉದ್ದವಾಗುತ್ತಿದ್ದುದನ್ನು ಕೇಳಿ ಒಮ್ಮೆ ನಕ್ಕ.

"ಸಾಕು ಬಿಡು ಮಗೂ, ಇನ್ನೆರಡು ದಿನ ಬಿಟ್ರೆ ಆ ಕಮ್ಮರಕಟ್ಟು ಒಂದು ಮೂಟೆ ಆಗುತ್ತೆ."

ಒಂದೊಂದಾಗಿ ಗಾಡಿಗಳು ಬಂದವು. ರಂಗಪ್ಪ ಮಾತ್ರ ಬರಲಿಲ್ಲ. ಅವನು ಬಾರದೆ ಮುನಿಸ್ವಾಮಿಯ ಹೆಸರು ಪೂರ್ತಿ ವಾಪಸು ಬಂದಂತಲ್ಲ ಎಂಬುದು ಆ ರಸ್ತೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಒಂಬತ್ತನೆಯ ದಿನ ಸಂಜೆ ಅವನ ಟ್ಯಾಕ್ಸಿ ರಸ್ತೆಯಂಚಿಗೆ ಬಂದು ನಿಂತಿತು. ನಾನು ಎದ್ದು ನಿಂತು, ಬೇರೆಯವರಿಗೆ ಹೇಳಿದ ಹಾಗೆಯೇ ಅವನಿಗೂ ಹೇಳಿದೆ, ಕಮ್ಮರಕಟ್ಟಿನ ವಿಸ್ತಾರ ಮಾತ್ರ ಬಿಟ್ಟೆ. ಅವನು ನನ್ನ ಮಾತು ಪೂರ್ತಿ ಕೇಳಿದ. ಆಮೇಲೆ ನನ್ನನ್ನು ದಾಟಿ ಮುನಿಸ್ವಾಮಿಯ ಹತ್ತಿರ ಹೋದ.

"ಅಲ್ಲಯ್ಯ, ಅವತ್ತು ನಾನು ಅಲ್ಲೇ ನಿಂತಿದ್ದೆ. ನೀನು ಹೆಸರಿರ್ಲಿಲ್ಲ ಅಂತ ಒಂದ್ಸಲ ಅಂದೆ, ಆಮೇಲೆ ಸುಮ್ನಾಗ್ಬಿಟ್ಟೆ. ಕಳ್ಳ ಅಲ್ದಿದ್ರೆ ಜಗಳ ಆಡ್ತಿದ್ದ ಅಂತ್ಲೇ ನಾನು ನಿನ್ನ ಬಿಟ್ಟಿದ್ದು. ಯಾಕೆ ಸುಮ್ನಾದೆ?"

ಮುನಿಸ್ವಾಮಿ ಕೈ ಒರೆಸಿಕೊಂಡ.

"ಮಗು ಮುಖ ನೋಡ್ದೆ. ಸುಳ್ಳು ಹೇಳ್ತಾ ಇದೆ ಅಂತ ಗೊತ್ತಾಯ್ತು. ನಾನು ಇನ್ನೊಂದು ಮಾತಾಡಿದ್ರೆ ಅಷ್ಟು ಜನರ ಮುಂದೆ ಅದಕ್ಕೆ ಏಟು ಬೀಳ್ತಿತ್ತು. ಆಮೇಲೆ ಮನೇಲಿ ತಾನೇ ಹೇಳ್ಕೊಳ್ಳುತ್ತೆ ಅಂತ ಬಂದ್ಬಿಟ್ಟೆ."

"ಹೇಳದೇ ಹೋಗಿದ್ರೆ?"

"ಸಾಮಾನು ಕಟ್ಟಿದ್ನಲ್ಲಪ್ಪ."

ರಂಗಪ್ಪ ಹೋಗಿ, ಮುನಿಸ್ವಾಮಿ ನೋಡಲೆಂದು ತನ್ನ ಟ್ಯಾಕ್ಸಿಯ ಬಾನೆಟ್ ಎತ್ತಿದ. ಒಂಬತ್ತು ದಿನ, ಹನ್ನೊಂದು ಜನರಿಗೆ, ಕಣ್ಣಲ್ಲಿ ಒಂದು ಹನಿ ಇಲ್ಲದೆ ಹೇಳಿದ್ದ ನಾನು ಆಗ ಅತ್ತೆ.